ಮರ್ವಣ್ಣನ ಸಮುದ್ರವನ್ನು ಲೆಕ್ಕ ಹಾಕಿದ ಸತ್ಯಪ್ರಕಾಶ ಅಂಕಲ್

ಹಾಂ, ಕಳೆದ ಸಲ ನಾನು ಹೇಳುತ್ತಿದ್ದ ಗಣಪತಿ ವಾಪಸ್ ಬಂದ ಕಥೆ ಅರ್ಧಕ್ಕೇ ನಿಂತಿತ್ತಲ್ಲ, ಅದನ್ನು ಮುಗಿಸಿಯೇ ಮುಂದಕ್ಕೆ ಹೋಗುತ್ತೇನೆ. ಅದನ್ನು ಕೇಳದೆ ಸತ್ಯಪ್ರಕಾಶ ಅಂಕಲ್ ಎಂಥವರು ಅಂತ ನಿಮಗೆ ಗೊತ್ತಾಗುವುದೇ ಇಲ್ಲ.

ಆ ವರ್ಷ ಇಲ್ಲಿ ಆಸ್ಟ್ರೇಲಿಯಾದಲ್ಲಿ ನಮ್ಮ ಪರ್ತ್ ಕನ್ನಡದವರೆಲ್ಲ ಸೇರಿ ಫ್ರೀಮ್ಯಾಂಟಲ್ ಆಚೆಯ ಬೀಚಿನಲ್ಲಿ ಗಣಪತಿ ಬಿಟ್ಟು, ಪುಳಿಯೋಗರೆ ತಿಂದು ಮನೆಗೆ ಹೋದರು. ಮಾರನೆ ದಿನ ಬೆಳಿಗ್ಗೆ ನಾಯಿ ಕರೆದುಕೊಂಡು ವಾಕಿಂಗ್ ಬಂದ ಯಾರೋ ಫೋಟೊ ತೆಗೆದು ಹಾಕಿದ್ದರು. ಗಣಪತಿ ದಡದ ಮೇಲೆ ಆರಾಮಾಗಿ ಒರಗಿದ್ದಾನೆ, ಕಿವಿಯ ಬಣ್ಣ ಮಾತ್ರ ಹೋಗಿದೆ! ಎಲ್ಲರಿಗೂ ಭಯವಾಯಿತು. ಮೂಳೆ ಡಾಕ್ಟರ್ ರಾಜಗೋಪಾಲ ಅಂಕಲ್ಲೇ ಏನಾದರೂ ಶಾಂತಿ ಮಾಡಿಸಬೇಕೇನೋ ಅಂದರಂತೆ. ಸತ್ಯಪ್ರಕಾಶ ಅಂಕಲ್ ಮಾತ್ರ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ನೀರಿಗಿಳಿದು, ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದು ನಿಂತರು.

"ಮಧ್ಯಾಹ್ನದ ಮೇಲೆ ಬಿಟ್ರೆ ಇನ್ನೇನಾಗತ್ತೆ? ಆವಾಗ ಸಮುದ್ರದ ಗಾಳಿ ಒಳಗಡೆ ಬೀಸ್ತಿರತ್ತೆ. ದೇವ್ರಾದ್ರೇನು, ತೇಲೋದೆಲ್ಲ ದಡಕ್ಕೆ ಬರ್ಲೇಬೇಕು. ಬೆಳಿಗ್ಗೆ ನೆಲದ ಗಾಳಿ ಇರೋವಾಗ ಬಿಡಿ."

"ಗಾಳಿ ನೋಡ್ಕೊಂಡು ವಿಸರ್ಜನೆ ಮಾಡ್ತಾರೇನ್ರೀ ಯಾರಾದ್ರೂ? ರಾಹುಕಾಲ ನೋಡ್ಬೇಕಲ್ವಾ?" ಅಂದರು ರಾಜಗೋಪಾಲ ಅಂಕಲ್.

"ರಾಹುಕಾಲ ಕನಕ ನೋಡ್ತಾಳೆ. ಗಾಳಿ ನಾನು ನೋಡ್ತೀನಿ. ನೀವು ಮೂಳೆ ನೋಡ್ಕೊಳ್ಳಿ ಡಾಕ್ಟ್ರೇ."

ಅಲ್ಲಿಂದ ಈಚೆಗೆ ಗಣಪತಿ ವಾಪಸ್ ಬಂದಿಲ್ಲ. "ಪಾಪ, ಒಂದ್ಸಲಾನಾದ್ರೂ ನಮ್ಮನ್ನ ಬಿಟ್ಟುಹೋಗೋಕೆ ಮನಸ್ಸಾಗದೆ ಬಂದಿದ್ದ. ಅದನ್ನೂ ಇವರು ತಪ್ಪಿಸಿಬಿಟ್ರು" ಅಂತ ಅವರ ಹೆಂಡತಿ ಕನಕ ಆಂಟಿ ಇಂದಿಗೂ ಚುಚ್ಚುತ್ತಾರೆ.

ನಾನು ಸತ್ಯಪ್ರಕಾಶ ಅಂಕಲ್‌ನ ದೊಡ್ಡ ಫ್ಯಾನ್, ಮೊದಲೇ ಹೇಳಿಬಿಡುತ್ತೇನೆ. ಪರ್ತ್‌ನ ಮೋರ್ಲಿಯಲ್ಲಿ ಅವರ ಮನೆ. ಮೈಸೂರು ಸರಸ್ವತಿಪುರಂ ಕಡೆಯವರು, ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಕೆಲಸವೆಲ್ಲ ಉತ್ತರದ ಪೋರ್ಟ್ ಹೆಡ್‌ಲ್ಯಾಂಡ್ ಬಂದರಿನಲ್ಲಿ. ಹಡಗಿಗೆ ಕಬ್ಬಿಣದ ಅದಿರು ತುಂಬುವ ಇಂಜಿನಿಯರ್. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಆ ಬಂದರಿನಲ್ಲಿ ಸಮುದ್ರ ಉಬ್ಬಿದರೆ ಎರಡಂತಸ್ತಿನ ಮನೆಯಷ್ಟು ಮೇಲೆ ಬರುತ್ತದೆ, ಇಳಿದರೆ ಅಷ್ಟೇ ಕೆಳಗೆ. ಅದಿರು ತುಂಬಿಕೊಂಡ ಹಡಗು ಉಬ್ಬರ ಇರುವಾಗಲೇ ಹೊರಡಬೇಕು, ತಪ್ಪಿದರೆ ಹೊಟ್ಟೆ ನೆಲಕ್ಕೆ ತಾಗುತ್ತದೆ. ಹಾಗಾಗಿ ಅಂಕಲ್‌ಗೆ ಚಂದ್ರ ಅಂದರೆ ಆಫೀಸಿನ ಬಾಸ್ ಇದ್ದಹಾಗೆ. ಹುಣ್ಣಿಮೆ ಅಮಾವಾಸ್ಯೆಯ ಹಿಂದೆಮುಂದೆ ಸಮುದ್ರಕ್ಕೆ ಪೊಗರು, ಅಷ್ಟಮಿಯ ಹೊತ್ತಿಗೆ ಸೋಮಾರಿತನ. ಮನೆಯ ಫ್ರಿಜ್ಜಿನ ಪಕ್ಕ ಮೈಸೂರಿನಿಂದ ತರಿಸಿದ ಪಂಚಾಂಗ ನೇತುಹಾಕಿರುತ್ತದೆ. ಅದರಲ್ಲಿ ಕನಕ ಆಂಟಿ ಏಕಾದಶಿ ನೋಡುತ್ತಾರೆ, ಅಂಕಲ್ ಸಮುದ್ರ ನೋಡುತ್ತಾರೆ.

ರಿಟೈರ್ ಆಗಿ ಮೋರ್ಲಿಗೆ ಬಂದ ಮೇಲೆ ಅವರಿಗೆ ಬೇಜಾರು ಶುರುವಾಯಿತು. ಪರ್ತ್‌ನ ಸಮುದ್ರಕ್ಕೆ ಏರಿಳಿತವೇ ಇಲ್ಲವಂತೆ. "ಇದೇನ್ ಸಮುದ್ರನಮ್ಮಾ, ಸಂಪು!" ಅನ್ನುತ್ತಿದ್ದರು. ಆ ಬೇಜಾರಿಗೇ ಗ್ಯಾರೇಜಿನಲ್ಲಿ ದೊಡ್ಡ ತಗಡಿನ ತಟ್ಟೆಯೊಂದನ್ನು ಇಟ್ಟುಕೊಂಡು ಮರಳು, ಕೆಸರು, ನೀರು ಹಾಕಿ ಪುಟ್ಟ ದ್ವೀಪಗಳನ್ನು ಮಾಡತೊಡಗಿದರು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಕಡೆಯ ಯಾವ ಯಾವ ದ್ವೀಪಕ್ಕೆ ಸೈನಿಕರನ್ನು ಹಡಗಿನಿಂದ ಇಳಿಸಿದ್ದರು, ಆವತ್ತು ನೀರು ಎಷ್ಟಿತ್ತು, ದೋಣಿ ಎಲ್ಲಿ ಸಿಕ್ಕಿಹಾಕಿಕೊಂಡಿತು, ಇದೇ ಗೀಳು. ತಟ್ಟೆಯ ತುದಿಗೆ ಒಂದು ರಬ್ಬರ್ ಪೈಪು. ಅದರಿಂದ ನೀರು ಬಿಟ್ಟರೆ ಉಬ್ಬರ, ಎಳೆದರೆ ಇಳಿತ. ನಮ್ಮ ಕಡೆಯ ಚಿಕ್ಕಮಕ್ಕಳೆಲ್ಲ ಭಾನುವಾರ ಆ ಗ್ಯಾರೇಜಿನಲ್ಲೇ. ಕನ್ನಡದಲ್ಲಿ ಒಂದು ಪದ ಉತ್ತರ ಕೊಡದ ಹುಡುಗರು ಕೂಡ "ಅಂಕಲ್, ಇಳಿತ! ಇಳಿತ!" ಅಂತ ಕೂಗುವುದನ್ನು ನಾನೇ ಕೇಳಿದ್ದೇನೆ.

ಈಗ ಆ ಗ್ಯಾರೇಜಿನಲ್ಲಿ ಕಾರು ನಿಂತಿದೆ. ಯಾಕೆ ಅನ್ನುವುದೇ ನಾನು ಹೇಳಹೊರಟಿರುವುದು.

ಅವರ ಮಗಳು ಅನು ಅಡಿಲೇಡಿನಲ್ಲಿ ಡಾಕ್ಟರ್. ಕ್ಲಿನಿಕ್ಕಿನ ಕೆಲಸದ ಜೊತೆಗೆ ವಾರಕ್ಕೊಮ್ಮೆ ಸಮುದ್ರದ ಹತ್ತಿರದ ಒಂದು ವೃದ್ಧಾಶ್ರಮಕ್ಕೂ ಹೋಗಿ ಅಲ್ಲಿರುವವರನ್ನು ನೋಡುತ್ತಾಳೆ. ಮೂರು ವರ್ಷದ ಹಿಂದೆ ಅಂಕಲ್ ಆಂಟಿ ಮಗಳ ಮನೆಗೆ ಹೋಗಿದ್ದಾಗ ಅವಳೇ ಹೇಳಿದ್ದು, "ಅಪ್ಪಾ, ಅಲ್ಲೊಬ್ರು ತಾತ ಇದಾರೆ. ನಿಮ್ಮ ಟ್ರೇನಲ್ಲಿರೋ ಥರದ ದ್ವೀಪಕ್ಕೆ ನಿಜವಾಗ್ಲೂ ಇಳಿದಿದ್ರು. ಕಮ್ ಆ್ಯಂಡ್ ಮೀಟ್ ಹಿಮ್."

ಆ ತಾತನೇ ಮರ್ವ್. ಆಗಲೇ ತೊಂಬತ್ತೈದು ದಾಟಿತ್ತು. ಉದ್ದ ಮೂಗು, ಕಿವಿ ಬಹಳ ಮಂದ, ಬಾಯಿ ಮಾತ್ರ ಚುರುಕು. ಅಂಕಲ್ ಕೈಕುಲುಕಿ, ಯಾವ ದ್ವೀಪ ಅಂತ ಕೇಳಿದರು. ಮರ್ವ್ ತರಕಾನ್ ಅಂದರು. ಬೋರ್ನಿಯೋ ಪಕ್ಕದ ಸಣ್ಣ ದ್ವೀಪ, ಎಣ್ಣೆ ಬಾವಿಗಳಿದ್ದ ಜಾಗ. ಸಾವಿರದ ಒಂಬೈನೂರ ನಲವತ್ತೈದರ ಮೇ ಒಂದನೇ ತಾರೀಕು ಆಸ್ಟ್ರೇಲಿಯಾದ ಸೈನಿಕರು ಅಲ್ಲಿ ಇಳಿದರು. "ಕೆಸರು!" ಅಂದರಂತೆ ಅಂಕಲ್ ಕಣ್ಣರಳಿಸಿ. "ದೊಡ್ಡ ಹಡಗುಗಳೆಲ್ಲ ಕೆಸರಲ್ಲಿ ಕೂತ್ಬಿಟ್ಟಿದ್ವಲ್ಲ, ಮುಂದಿನ ದೊಡ್ಡ ಉಬ್ಬರ ಬರೋವರೆಗೂ!" ಮರ್ವ್ ತಮ್ಮ ಕಿವಿಯ ಮೆಷಿನ್ ಸರಿಮಾಡಿಕೊಂಡು, "ಯಾರಯ್ಯ ನೀನು? ಅಲ್ಲಿದ್ದೆಯೇನು?" ಅಂತ ಕೇಳಿದರಂತೆ. (ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ, ನಾನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.)

ಆವತ್ತಿನಿಂದ ಇಬ್ಬರೂ ಗಳಸ್ಯ ಕಂಠಸ್ಯ. ಭಾನುವಾರ ಮಧ್ಯಾಹ್ನ ವಿಡಿಯೋ ಕಾಲ್ ಖಾಯಂ. ಮರ್ವ್‌ಗೆ ಕೇಳಿಸುವುದಿಲ್ಲವಾದ್ದರಿಂದ ಅಂಕಲ್ ಬಿಳಿ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಮರಾಕ್ಕೆ ಹಿಡಿಯುವುದು, ಅವರು ಓದಿ ಜೋರಾಗಿ ಉತ್ತರ ಕೂಗುವುದು. ಆಂಟಿ ಹಿಂದಿನಿಂದ ಬಂದು ಕೈಬೀಸಿ, "ಮರ್ವಣ್ಣಾ, ರವೆ ಉಂಡೆ ತಲುಪ್ತಾ?" ಅಂತ ಕನ್ನಡದಲ್ಲೇ ಕೇಳುವುದು. ಅವರು ಉಂಡೆಯನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದರು. ಅದನ್ನು ನೋಡಿ ಆಂಟಿ ಹಣೆ ಚಚ್ಚಿಕೊಂಡು ನಗುತ್ತಿದ್ದರು.

ಈಗ ಮರ್ವ್‌ನ ಕಥೆ. ಇದನ್ನು ಅವರು ಪ್ರತಿ ಏಪ್ರಿಲ್‌ನಲ್ಲಿ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್‌ಜ್ಯಾಕ್ ದಿನದ ವಾರ, ನೋಡಲು ಬರುವ ಶಾಲೆಯ ಮಕ್ಕಳಿಗೆ ಹೇಳುತ್ತಿದ್ದರು. ಮುಚ್ಚಿಟ್ಟ ಕಥೆಯೇನಲ್ಲ, ವೃದ್ಧಾಶ್ರಮದ ಅಡುಗೆಯವರಿಗೂ ಬಾಯಿಪಾಠ.

ಆವತ್ತು ಮೊದಲ ದೋಣಿಗಳು ದಡ ಸೇರಿಯಾಗಿತ್ತು. ಮರ್ವ್ ಇದ್ದ ದೋಣಿ ಸ್ವಲ್ಪ ಹೊತ್ತಿನ ಮೇಲೆ ಬಂತು. ದಡಕ್ಕೆ ಇನ್ನೂ ದೂರವಿರುವಾಗಲೇ ದೋಣಿ ತಳ ತಾಗಿ ನಿಂತುಬಿಟ್ಟಿತು. ಮುಂದುಗಡೆ ಉದ್ದ ಕೋಲು ಹಿಡಿದು ಆಳ ನೋಡುವುದು ಹತ್ತೊಂಬತ್ತರ ಹುಡುಗ ಮರ್ವ್‌ನ ಕೆಲಸ. ಆಫೀಸರ್ ಕೂಗಿದ, ಎಷ್ಟಿದೆ? ಮರ್ವ್ ಕೋಲು ಅದ್ದಿ, ಸೊಂಟದವರೆಗೆ, ಇಳಿಯಬಹುದು ಅಂದರು. ದೋಣಿಯ ಮುಂಬಾಗಿಲು ಕೆಳಗೆ ಬಿತ್ತು. ಮೊದಲು ಇಳಿದವನು ಕಾಲಿನ್, ಮರ್ವ್‌ನ ಗೆಳೆಯ, ಬ್ರಿಸ್ಬೇನಿನವನು. ನೀರೇನೋ ಸೊಂಟದವರೆಗೇ ಇತ್ತು. ಆದರೆ ಅದರ ಕೆಳಗಿನ ಕೆಸರಿಗೆ ತಳವೇ ಇರಲಿಲ್ಲ. ಬೆನ್ನ ಮೇಲಿನ ಹೊರೆ ಅವನನ್ನು ಒಳಗೆ ಒತ್ತಿತು. ಕೈಹಿಡಿದು ಎಳೆದರು, ಕೋಲು ಚಾಚಿದರು. ದಡದ ಮೇಲಿನಿಂದ ಶತ್ರುಗಳ ಗುಂಡು. ಕಾಲಿನ್ ಬರಲಿಲ್ಲ.

"ಹತ್ತು ನಿಮಿಷ ತಡೀರಿ ಅಂದಿದ್ರೆ ಸಾಕಿತ್ತು. ನೀರು ಏರಿ ದೋಣಿ ಇನ್ನೊಂದಿಷ್ಟು ಮುಂದೆ ಹೋಗ್ತಿತ್ತು. ನಾನು ಹೇಳ್ಲಿಲ್ಲ. ನೀವು ಕಾಯೋದು ಕಲೀರಿ ಮಕ್ಕಳೇ." ಮಕ್ಕಳಿಗೆ ಅವರು ಹೇಳುತ್ತಿದ್ದ ಕೊನೆಯ ಮಾತು ಯಾವಾಗಲೂ ಇದೇ.

ಯುದ್ಧ ಮುಗಿದು ಅಡಿಲೇಡಿಗೆ ಬಂದ ಮೇಲೆ ಮರ್ವ್ ಬ್ರಿಸ್ಬೇನಿಗೆ ಹೋದರು. ಕಾಲಿನ್‌ನ ತಾಯಿ ಆಲಿಸ್ ವಿಧವೆ, ನಂಡಾ ಅನ್ನುವ ಕಡೆ ಎತ್ತರದ ಮರದ ಕಂಬಗಳ ಮೇಲೆ ನಿಂತ ಹಳೇ ಮನೆ. ಅಡುಗೆಮನೆಯ ಮೇಜಿನ ಮುಂದೆ ಕೂತು, ನಿಮ್ಮ ಮಗ ಸತ್ತಿದ್ದು ನನ್ನಿಂದ ಅಂತ ಹೇಳಿದರು. ಆಕೆ ಎದ್ದುಹೋಗಿ ಒಂದು ತಟ್ಟೆ ಊಟ ತಂದಿಟ್ಟರಂತೆ. ಎರಡು ದಿನಕ್ಕೆಂದು ಹೋದವರು ಹಿಂದಕ್ಕೆ ಬರಲೇ ಇಲ್ಲ. ಹತ್ತಿರವೇ ರೂಮು ಮಾಡಿ, ಬಡಗಿ ಕೆಲಸ ಹಿಡಿದು, ಆಕೆಯ ಮನೆಯ ಸೂರು, ಬೇಲಿ, ಮೆಟ್ಟಿಲು, ಆಸ್ಪತ್ರೆ ಎಲ್ಲ ನೋಡಿಕೊಂಡರು. ಅಡಿಲೇಡಿನಲ್ಲಿ ಮದುವೆಗೆಂದು ಕಾದಿದ್ದ ಹುಡುಗಿ ಕಾದು ಸಾಕಾಗಿ ಬೇರೆಯವನನ್ನು ಮದುವೆಯಾದಳು. ಮರ್ವ್ ಮದುವೆಯೇ ಆಗಲಿಲ್ಲ. ಆಲಿಸ್ ತೀರಿಕೊಂಡ ಮೇಲೆಯೇ ತಮ್ಮೂರಿಗೆ ವಾಪಸ್ ಬಂದಿದ್ದು, ಅಷ್ಟರಲ್ಲಿ ತಲೆಯೆಲ್ಲ ಬೆಳ್ಳಗಾಗಿತ್ತು.

"ಅವಳು ನನ್ನನ್ನ ಕ್ಷಮಿಸಿದಳು. ಇಡೀ ಜೀವನದಲ್ಲಿ ನನಗೆ ಸಿಕ್ಕಿದ್ದು ಅಂದ್ರೆ ಅದೊಂದೇ" ಅಂತ ಒಂದು ಭಾನುವಾರ ಮರ್ವ್ ಹೇಳಿದರು.

ಅಂಕಲ್ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ನೀರು ಏರುತ್ತಿತ್ತು ಅಂತ ಮರ್ವ್ ಹೇಳುತ್ತಾರಲ್ಲ, ನಿಜವಾಗಿಯೂ ಏರುತ್ತಿತ್ತೇ? ಗ್ಯಾರೇಜಿಗೆ ಹೋದರು. ಆ ದಿನದ ತಿಥಿ ಕೂಡಿಸಿ ಕಳೆದು ಹಿಡಿದರು. ಚೈತ್ರ ಬಹುಳ ಚೌತಿ. ಹುಣ್ಣಿಮೆಯ ದೊಡ್ಡ ಉಬ್ಬರ ಕಳೆದು ಸಮುದ್ರ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದ ಹೊತ್ತು. ಬೆಳಗಿನ ಉಬ್ಬರ ಮೊದಲ ದೋಣಿಗಳಿಗೇ ಮುಗಿದಿತ್ತು. ಮರ್ವ್‌ನ ದೋಣಿ ಬರುವಾಗ ನೀರು ಇಳಿಯುತ್ತಿತ್ತು. ಹತ್ತು ನಿಮಿಷ ಕಾದಿದ್ದರೆ ದೋಣಿ ಇನ್ನೂ ಗಟ್ಟಿಯಾಗಿ ಕೆಸರಿಗೆ ಕಚ್ಚಿಕೊಳ್ಳುತ್ತಿತ್ತು, ಗುಂಡಿನ ಮಳೆಯಲ್ಲಿ ಎಲ್ಲರೂ ಸಿಕ್ಕಿಬೀಳುತ್ತಿದ್ದರು. ಒಂದು ಸಲ, ಎರಡು ಸಲ, ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಮಾಡಿದರು. ಎಲ್ಲದರಲ್ಲೂ ಅದೇ ಉತ್ತರ. ಕಾಯದೆ ಇಳಿಸಿದ್ದೇ ಸರಿ.

ಅಡುಗೆಮನೆಗೆ ಓಡಿಬಂದರಂತೆ. ಇದನ್ನು ಕನಕ ಆಂಟಿ ನನಗೆ ಹೇಳುವಾಗ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು.

"ಕನಕಾ! ಮರ್ವ್ ತಪ್ಪೇ ಇಲ್ಲ ಕಣೇ! ನೀರು ಇಳೀತಿತ್ತು! ಇಷ್ಟು ವರ್ಷ ಆ ಮನುಷ್ಯ ಸುಮ್ನೆ ತಲೆ ಮೇಲೆ ಕಲ್ಲು ಹೊತ್ಕೊಂಡಿದಾನೆ. ನಾನು ಇಳಿಸ್ತೀನಿ."

"ಇಳ್ಸು ಅಂತ ಅವರು ಕೇಳಿದ್ರಾ?"

"ಕೇಳ್ಬೇಕಾ? ನಮ್ಮ ಚಿಕ್ಕಪ್ಪ ಹೋದಾಗ ಅವರ ಮಗ ಸೋಮಶೇಖರ ಅಳ್ತಾ ಕೂತಿದ್ನಲ್ಲ, ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು ಅಂತ. ನೀನೇ ತಾನೆ ಮಾತಾಡ್ಸೋಕೆ ಹೋಗಿ ಮೊದ್ಲು ಹೇಳಿದ್ದು? ನಿನ್ನ ಕೈಲೇನಿತ್ತಪ್ಪಾ, ಅವರ ಆಯಸ್ಸು ಇದ್ದಿದ್ದೇ ಅಷ್ಟು ಅಂತ?"

ನಿಜ ಅಲ್ಲವೇ? ಸಾವಿನ ಮನೆಗೆ ಮಾತಾಡಿಸಲು ಹೋದರೆ ನಾವೆಲ್ಲರೂ ಮೊದಲು ಹೇಳುವುದೇ ಅದು. ನಿಮ್ಮ ತಪ್ಪೇನಿಲ್ಲ, ಇದ್ದಿದ್ದೇ ಅಷ್ಟು. ಹೇಳದಿದ್ದರೆ ನಮಗೇ ಸಮಾಧಾನವಿಲ್ಲ. ಅಂಕಲ್ ಕೂಡ ಹಾಗೆಯೇ ಮಾತಾಡಿಸಲು ಹೊರಟರು. ಸಾವಾಗಿ ಎಪ್ಪತ್ತೆಂಟು ವರ್ಷವಾದ ಮೇಲೆ ಅಷ್ಟೇ.

ಇಂಥ ವಿಷಯ ಬೋರ್ಡಿನ ಮೇಲೆ ಬರೆದು ತೋರಿಸುವಂಥದ್ದಲ್ಲ ಅಂತ, ಕಳೆದ ವರ್ಷದ ಚಳಿಗಾಲದಲ್ಲಿ ಅಡಿಲೇಡಿಗೆ ಹೋದರು. ಅಲ್ಲಿ ನಡೆದಿದ್ದನ್ನು ನನಗೆ ಹೇಳಿದ್ದು ಅನು.

ವೃದ್ಧಾಶ್ರಮಕ್ಕೆ ಹೋಗುವ ಹಿಂದಿನ ದಿನ ಅವಳ ಅಡುಗೆಮನೆಯ ಬೇಕಿಂಗ್ ಟ್ರೇ ಮಾಯವಾಗಿತ್ತು. ಕುಂಬಾರಿಕೆ ಅಂಗಡಿಯಿಂದ ಜೇಡಿಮಣ್ಣು ತಂದು ಕಲಸಿ, ಅಂಕಲ್ ಅದರಲ್ಲಿ ತರಕಾನ್‌ನ ದಡ ಮಾಡಿದ್ದರು. ದೋಣಿಗೆ ಬೆಂಕಿಪೊಟ್ಟಣ.

"ಅಪ್ಪಾ, ಆರ್ ಯೂ ಶ್ಯೂರ್? ಹೀ ಈಸ್ ವೆರಿ ಓಲ್ಡ್" ಅಂದಳಂತೆ ಅನು ಕಾರಿನಲ್ಲಿ.

"ಅದಕ್ಕೇ ಬೇಗ ಹೇಳ್ಬೇಕು ಪುಟ್ಟಿ. ಹಗುರಾಗಿ ಇರ್ಲಿ ಇನ್ನಿರೋವಷ್ಟು ದಿನ."

ವೃದ್ಧಾಶ್ರಮದ ಹಾಲಿನಲ್ಲಿ ಕಿಟಕಿಯ ಪಕ್ಕದ ಮೇಜು. ಟ್ರೇ ನೋಡಿ ಮರ್ವ್ ಖುಷಿಯಾದರು. "ಇದೇನು ಸತ್ಯ, ಕನಕ ಕೇಕ್ ಮಾಡಿ ಕಳಿಸಿದ್ಲಾ? ಸುಟ್ಟುಹಾಕಿಬಿಟ್ಟಿದಾಳೆ!" ಪಕ್ಕದವರೆಲ್ಲ ನಕ್ಕರು. ಅಂಕಲ್ ಕುರ್ಚಿ ಹತ್ತಿರ ಎಳೆದುಕೊಂಡು ಜೊತೆಗೆ ತಂದಿದ್ದ ರಬ್ಬರ್ ಪೈಪಿನಿಂದ ನೀರು ಬಿಟ್ಟರು. ಇದು ನಿಮ್ಮ ಬೆಳಗಿನ ಉಬ್ಬರ. ಇಗೋ ಮೊದಲ ದೋಣಿಗಳು. ಈಗ ನೋಡಿ ಅಂತ ನೀರನ್ನು ನಿಧಾನಕ್ಕೆ ಎಳೆದರು. ಇದು ನಿಮ್ಮ ದೋಣಿ. ಬೆಂಕಿಪೊಟ್ಟಣ ಮಣ್ಣಿಗೆ ಕೂತಿತು. "ಹತ್ತು ನಿಮಿಷ ಕಾಯೋಣ ಈಗ." ಇನ್ನೊಂದಿಷ್ಟು ನೀರು ಎಳೆದರು. ಪೊಟ್ಟಣ ಪಕ್ಕಕ್ಕೆ ವಾಲಿ ಒಣ ಮಣ್ಣಿನ ಮೇಲೆ ಉಳಿಯಿತು.

ಮರ್ವ್ ಬಗ್ಗಿ ನೋಡಿದರು.

"ಇನ್ನೊಂದ್ಸಲ ಮಾಡು."

ಅಂಕಲ್ ಮತ್ತೆ ಮಾಡಿ ತೋರಿಸಿದರು.

"ಅಂದ್ರೆ ನೀರು ಏರ್ತಿರ್ಲಿಲ್ಲ."

"ಇಲ್ಲ ಮರ್ವ್. ಇಳೀತಿತ್ತು. ಕಾಯ್ದಿದ್ರೂ ಕಾಲಿನ್ ಉಳೀತಿರ್ಲಿಲ್ಲ. ನೀವು ಮಾಡಿದ್ದೇ ಸರಿ. ನಿಮ್ಮದು ಒಂಚೂರೂ ತಪ್ಪಿಲ್ಲ." ಅಂಕಲ್ ಅವರ ಎರಡೂ ಕೈ ಹಿಡಿದುಕೊಂಡು ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು. ಅಪ್ಪನ ಕಣ್ಣಲ್ಲಿ ನೀರಿತ್ತು, ಖುಷಿಯ ನೀರು ಅಂದಳು ಅನು.

ಮರ್ವ್ ಕೈ ಬಿಡಿಸಿಕೊಂಡರು.

"ಹಾಗಾದ್ರೆ ನಾನು ಬ್ರಿಸ್ಬೇನಿಗೆ ಯಾಕೆ ಹೋದೆ?"

ಅಂಕಲ್‌ಗೆ ಮೊದಲು ಅರ್ಥವೇ ಆಗಲಿಲ್ಲವಂತೆ.

"ಆ ಹೆಂಗಸಿನ ಮುಂದೆ ಕೂತು ನಿನ್ನ ಮಗನ್ನ ನಾನೇ ಕೊಂದೆ ಅಂತ ಹೇಳಿದೀನಿ ನಾನು. ಅವಳು ನನ್ನನ್ನ ಕ್ಷಮಿಸೋಕೆ ಎಷ್ಟು ಕಷ್ಟಪಟ್ಟಳು ಗೊತ್ತಾ ನಿನಗೆ? ಒಂದು ವರ್ಷ ನನ್ನ ಮುಖ ನೋಡಿ ಮಾತಾಡ್ಲಿಲ್ಲ, ಊಟ ಮಾತ್ರ ಹಾಕ್ತಿದ್ಲು. ಇಲ್ಲದೇ ಇರೋ ತಪ್ಪನ್ನ ಕ್ಷಮಿಸೋಕೆ ಅಷ್ಟೆಲ್ಲ ಕಷ್ಟಪಟ್ಳಾ ಅವಳು? ನಾನು ಅವಳಿಗೆ ಸುಳ್ಳು ಹೇಳಿದ ಹಾಗಾಯ್ತಲ್ಲ ಸತ್ಯ."

"ಹಾಗಲ್ಲ ಮರ್ವ್, ನಿಮಗೆ ಆಗ ಗೊತ್ತಿರ್ಲಿಲ್ಲ..."

"ಅಡಿಲೇಡಿನಲ್ಲಿ ಒಬ್ಬಳು ಹುಡುಗಿ ಇದ್ದಳು" ಅಂದರು ಮರ್ವ್. ಆ ಮಾತನ್ನು ಅಲ್ಲಿಗೇ ಬಿಟ್ಟು ನರ್ಸನ್ನು ಕರೆದು, ನನ್ನನ್ನು ರೂಮಿಗೆ ಕರೆದುಕೊಂಡು ಹೋಗು ಅಂದರು. ಮೇಜಿನ ಮೇಲೆ ಟ್ರೇ ಹಾಗೇ ಉಳಿಯಿತು. ಅಂಕಲ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಮನೆಯವರೆಗೂ ಕೂತಿದ್ದರು, ಪ್ಯಾಂಟೆಲ್ಲ ಕೆಸರು.

ಪರ್ತ್‌ಗೆ ಬಂದ ಮೇಲೆ ಅಂಕಲ್ ಊಟ ಸರಿಯಾಗಿ ಮಾಡಲಿಲ್ಲ. ಆಂಟಿಯೇ ಒಂದು ಉಪಾಯ ಹೇಳಿದರು.

"ಲೆಕ್ಕ ತಪ್ಪಿತ್ತು ಅಂದ್ಬಿಡ್ರೀ."

"ತಪ್ಪಿಲ್ವಲ್ಲ ಕನಕ."

"ಗೊತ್ತು. ಆದ್ರೂ ಅಂದ್ಬಿಡಿ. ಒಂದು ಸುಳ್ಳು ಹೇಳಿದ್ರೆ ನಿಮ್ಮ ಸಮುದ್ರವೇನೂ ಬತ್ತಿಹೋಗಲ್ಲ."

ಮುಂದಿನ ಭಾನುವಾರ ಕಾಲ್ ಮಾಡಿದರು. ಮರ್ವ್ ಬಂದರು, ಅದೇ ಕುರ್ಚಿ, ಅದೇ ಸ್ವೆಟರ್. ಅಂಕಲ್ ಬೋರ್ಡಿನ ಮೇಲೆ, "ಮರ್ವ್, ನನ್ನ ಲೆಕ್ಕ ತಪ್ಪಿತ್ತು. ನೀರು ಏರುತ್ತಿತ್ತು" ಅಂತ ಬರೆದು ಹಿಡಿದರು. ಬೋರ್ಡಿನ ಇನ್ನೊಂದು ತುದಿ ನಾನೂ ಹಿಡ್ಕೊಂಡೆ ಅಂದರು ಆಂಟಿ.

ಮರ್ವ್ ಓದಿದರು. ಸ್ವಲ್ಪ ನಕ್ಕಹಾಗೆ ಕಂಡಿತು.

"ಸತ್ಯ, ನೀನು ಒಳ್ಳೆಯವನು. ಆದ್ರೆ ನಿನಗೆ ಸುಳ್ಳು ಹೇಳೋಕೆ ಬರಲ್ಲ" ಅಂದು, ಪಕ್ಕದಲ್ಲಿದ್ದ ನರ್ಸ್ ಹುಡುಗಿಗೆ ಕೈಸನ್ನೆ ಮಾಡಿದರು. ಸ್ಕ್ರೀನ್ ಕಪ್ಪಾಯಿತು. ಅದಾದ ಮೇಲೆ ಭಾನುವಾರದ ಕಾಲ್ ಇಲ್ಲ. ಇವರು ಮಾಡಿದರೆ ಅವರು ಮಲಗಿದ್ದಾರೆ ಅನ್ನುವ ಉತ್ತರ. ಆಂಟಿ ಕಳಿಸಿದ ಉಂಡೆಯ ಡಬ್ಬಿಯನ್ನು ಮಾತ್ರ ಇಟ್ಟುಕೊಂಡರಂತೆ.

ಈ ಏಪ್ರಿಲ್‌ನಲ್ಲಿ ಶಾಲೆಯ ಮಕ್ಕಳು ಎಂದಿನಂತೆ ಬಂದರು. ಎಲ್ಲರೂ ನೆಲದ ಮೇಲೆ ಸುತ್ತ ಕೂತರು. ಮರ್ವ್ ಅವರನ್ನೆಲ್ಲ ನೋಡಿ, "ನನಗೆ ಯಾವುದೂ ಸರಿಯಾಗಿ ನೆನಪಿಲ್ಲ ಮಕ್ಕಳೇ" ಅಂದರು, ಅಷ್ಟೇ. ಟೀಚರ್ ಕಕ್ಕಾಬಿಕ್ಕಿಯಾಗಿ ಬೇರೆ ಏನೋ ಹಾಡು ಹೇಳಿಸಿದರಂತೆ. ಅನು ಇದನ್ನು ಅಪ್ಪನಿಗೆ ಹೇಳಬಾರದು ಅಂದುಕೊಂಡಿದ್ದಳು, ಆದರೆ ಅಂಕಲ್ ಆವತ್ತೇ ಫೋನ್ ಮಾಡಿ, "ಮಕ್ಕಳು ಬಂದಿದ್ರಾ? ಏನಂದ್ರು?" ಅಂತ ಕೇಳಿಬಿಟ್ಟರು. ಮಾರನೆ ದಿನ ಗ್ಯಾರೇಜಿನ ತಟ್ಟೆ ಖಾಲಿಯಾಯಿತು. ಮರಳನ್ನು ಆಂಟಿಯ ಕರಿಬೇವಿನ ಕುಂಡಕ್ಕೆ ಸುರಿದು, ಕಾರನ್ನು ಒಳಗೆ ತಂದು ನಿಲ್ಲಿಸಿದರು.

ನಾನು ಒಂದು ಸಲ ಕೇಳಿದ್ದೆ, ಅಂಕಲ್, ನೀವು ನಿಜ ತಾನೇ ಹೇಳಿದ್ದು ಅಂತ. ಅವರು ಹೇಳಿದ್ದು ಇಷ್ಟು: "ನಾನು ನೀರಿನ ಲೆಕ್ಕ ಮಾತ್ರ ಹಾಕ್ದೆ ಮರಿ. ಆ ನೀರಿನ ಮೇಲೆ ಒಬ್ಬ ಮನುಷ್ಯ ಇಡೀ ಬದುಕು ಕಟ್ಕೊಂಡಿದ್ದ. ಅದು ನನ್ನ ಕಣ್ಣಿಗೆ ಬೀಳ್ಲೇ ಇಲ್ಲ."

ಜೂನ್‌ನಲ್ಲಿ ಅವರು ಬ್ರಿಸ್ಬೇನಿಗೆ ಹೋದರು. ಮಗ ಸಂಕೇತ್ ಅಲ್ಲಿದ್ದಾನೆ, ಮೊಮ್ಮಗಳ ಬರ್ತ್‌ಡೇ ಅನ್ನುವುದು ನೆಪ. ಎರಡನೇ ದಿನವೇ, "ನಂಡಾಗೆ ಕರ್ಕೊಂಡು ಹೋಗೋ" ಅಂದರಂತೆ. ವಿಳಾಸ ಗೊತ್ತಿಲ್ಲ. ಚರ್ಚಿನ ಹಿಂದಿನ ಇಳಿಜಾರು, ಎದುರಿಗೆ ದೊಡ್ಡ ಮಾವಿನ ಮರ ಅಂತ ಮರ್ವ್ ಯಾವತ್ತೋ ಹೇಳಿದ್ದಷ್ಟೇ. ಸಂಕೇತ್ ಬೈದುಕೊಂಡೇ ಬೀದಿ ಬೀದಿ ಕಾರು ಓಡಿಸಿದ.

"ಅಪ್ಪಾ, ಇಲ್ಲೆಲ್ಲ ಮನೆ ಕೆಡವಿ ಫ್ಲಾಟ್ ಮಾಡಿದಾರೆ. ಏನ್ ಸಿಗತ್ತೆ ನಿಮಗೆ? ಸಿಕ್ಕಿದ್ರೂ ಏನ್ ಮಾಡ್ತೀರ?"

"ಗೊತ್ತಿಲ್ಲ ಕಣೋ. ನೋಡ್ಬೇಕು."

ಮನೆ ಇತ್ತು! ಬ್ರಿಸ್ಬೇನಿನ ಹಳೇ ಮನೆಗಳ ಹಾಗೆ ಕಂಬದ ಮೇಲೆ, ಮುಂದುಗಡೆ ಅಗಲ ಮರದ ಮೆಟ್ಟಿಲು. ಒಳಗೆ ಯಾರೋ ಹೊಸಬರು. ಪಕ್ಕದ ಮನೆಯ ವಯಸ್ಸಾದ ಹೆಂಗಸು ಗಿಡಕ್ಕೆ ನೀರು ಹಾಕುತ್ತಿದ್ದರು. ಅಂಕಲ್ ಬೇಲಿಯ ಹತ್ತಿರ ಹೋಗಿ, ಇಲ್ಲಿ ಆಲಿಸ್ ಅಂತ ಇದ್ದರಲ್ಲ ಅಂದರು.

"ನಾನು ಸಣ್ಣವಳಿದ್ದಾಗ" ಅಂದರು ಆಕೆ. "ಮಗ ಯಾವಾಗ್ಲೂ ಜೊತೆಗೇ ಇರ್ತಿದ್ದ."

"ಮಗ ಯುದ್ಧದಲ್ಲಿ ತೀರ್ಕೊಂಡಿದ್ದ ಅಲ್ವಾ?"

"ಅದು ಇನ್ನೊಬ್ಬ ಇರ್ಬೇಕು. ನಾನು ಹೇಳ್ತಿರೋದು ಮರ್ವ್ ಬಗ್ಗೆ. ಬಡಗಿ. ದಿನಾ ಸಾಯಂಕಾಲ ಈ ಮೆಟ್ಟಿಲ ಮೇಲೆ ಇಬ್ಬರೂ ಕೂತು ಬಟಾಣಿ ಬಿಡಿಸ್ತಿದ್ರು. ಅವನು ಹೇಳಿದ್ದಕ್ಕೆಲ್ಲ ಆ ಮುದುಕಿ ಬೈಯೋದು, ಆಮೇಲೆ ನಗೋದು. ಅವನು ಆಕೆಯ ಮಗ ಅಲ್ವಾ?"

ಅಂಕಲ್ ಮೆಟ್ಟಿಲಿನ ಫೋಟೊ ತೆಗೆದುಕೊಂಡರು, ಕಾರಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತರು. "ನಂಗೆ ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಸರ್ವೋಗೆ ಹೋಗಿ ಕಾಫಿ ತಂದ್ಕೊಟ್ಟೆ" ಅಂದ ಸಂಕೇತ್. ಪೆಟ್ರೋಲ್ ಬಂಕಿನ ಕಾಫಿಯನ್ನು ಅಂಕಲ್ ಮೊದಲ ಸಲ ಬೈಯದೆ ಕುಡಿದರಂತೆ.

ಪಕ್ಕದ ಮನೆಯಾಕೆ ಹೇಳಿದ್ದನ್ನೂ ಫೋಟೊವನ್ನೂ ಅನುಗೆ ಕಳಿಸಿದರು. ತಾವೇ ಹೇಳುವ ಧೈರ್ಯ ಬರಲಿಲ್ಲ. ಮುಂದಿನ ಭೇಟಿಯಲ್ಲಿ ಅನು ಫೋಟೊ ತೋರಿಸಿ, ಬಟಾಣಿಯ ವಿಷಯ ಕಿವಿಯ ಹತ್ತಿರ ಹೇಳಿದಳು. ಮರ್ವ್ ಫೋನನ್ನು ಕೈಗೆ ತೆಗೆದುಕೊಂಡು ಮುಖದ ಹತ್ತಿರ ಹಿಡಿದು ನೋಡಿದರು.

"ಕೈಹಿಡಿ ಬದಲಾಯಿಸಿದಾರೆ. ಮೆಟ್ಟಿಲು ನಂದೇ" ಅಂದರು.

ಅನು ಕಾದಳು. ಅವರು ಫೋನ್ ವಾಪಸ್ ಕೊಡಲಿಲ್ಲ. ಹೊರಡುವ ಹೊತ್ತಿಗೆ ಅವಳೇ ಮೆಲ್ಲಗೆ ತೆಗೆದುಕೊಳ್ಳಬೇಕಾಯಿತು. ಸತ್ಯನ ವಿಷಯ ಕೇಳಲಿಲ್ಲ. ಅಪ್ಪ ನಿಮ್ಮನ್ನು ನೆನೆಯುತ್ತಾರೆ ಅಂದಿದ್ದಕ್ಕೆ, ಕಿವಿ ಕೇಳಿಸದವರ ಹಾಗೆ ಕಿಟಕಿಯ ಕಡೆ ತಿರುಗಿದರು. ನಿಜವಾಗಿಯೂ ಕೇಳಿಸಲಿಲ್ಲವೋ ಏನೋ, ಅವಳಿಗೂ ಗೊತ್ತಿಲ್ಲ.

ಇಷ್ಟೇ ಆಗಿರುವುದು. ಸರಿಹೋಯಿತು ಅಂತ ಬರೆಯಲು ನನಗೆ ಆಸೆ, ಆದರೆ ಸರಿಹೋಗಿಲ್ಲ. ಮರ್ವ್‌ಗೆ ಈಗ ತೊಂಬತ್ತೆಂಟು ತುಂಬಿದೆ. ಅಂಕಲ್ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿ ಅದರ ಎದುರು ಪೇಪರ್ ಹಿಡಿದು ಕೂರುತ್ತಾರೆ. ಪೇಪರ್ ಓದುವುದಿಲ್ಲ ಅನ್ನುವುದು ಆಂಟಿಗೂ ಗೊತ್ತು, ನನಗೂ ಗೊತ್ತು.

ಅದಕ್ಕೇ ಕೇಳಿಕೊಳ್ಳುತ್ತಿರುವುದು. ನಿಮ್ಮಲ್ಲಿ ಯಾರಾದರೂ ಅಡಿಲೇಡಿನಲ್ಲಿದ್ದರೆ ಅನುಗೆ ಒಂದು ಫೋನ್ ಮಾಡಿ, ಅವಳು ನಿಮ್ಮನ್ನು ಮರ್ವ್ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಯುದ್ಧದ ಬಗ್ಗೆ ಏನೂ ಕೇಳಬೇಡಿ. ಆಲಿಸ್ ಹೇಗೆ ಬೈಯುತ್ತಿದ್ದರು ಅಂತ ಕೇಳಿ ನೋಡಿ. ಪರ್ತ್‌ನಲ್ಲಿದ್ದರೆ ಭಾನುವಾರ ಮಧ್ಯಾಹ್ನ ಮೋರ್ಲಿಗೆ ಹೋಗಿ ಅಂಕಲ್ ಮನೆಯ ಬೆಲ್ ಒತ್ತಿ. ಆಂಟಿ ಕಾಫಿ ಕೊಡುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕೂತು ಕುಡಿಯಿರಿ, ಏನಾದರೂ ಮಾತಾಡಿ, ಸುಮ್ಮನೆ ಇದ್ದರೂ ಆಗುತ್ತದೆ. ನಿಮ್ಮ ತಪ್ಪೇನಿಲ್ಲ ಅಂಕಲ್ ಅಂತ ಮಾತ್ರ ಹೇಳಬೇಡಿ. ಹೋಗಿ ಬನ್ನಿ, ದಯವಿಟ್ಟು.